ಪ್ರಮೇಯ ಬಾಯಲ್ಲಿತ್ತು

ಇಂಜಿನಿಯರಿಂಗ್ ನಾಲ್ಕನೇ ಸೆಮಿಸ್ಟರಿನ ಗ್ರಾಫ್ ಥಿಯರಿ ಮತ್ತು ಕಾಂಬಿನೇಟರಿಕ್ಸ್ ಪೇಪರಿನಲ್ಲಿ ನಾನು ಫೇಲಾದೆ. ಓದದೆ ಫೇಲಾಗಿದ್ದರೆ ಅಷ್ಟು ನೋಯುತ್ತಿರಲಿಲ್ಲ. ಹಳೇ ಪ್ರಶ್ನೆಪತ್ರಿಕೆಗಳ ಜೆರಾಕ್ಸ್ ತಂದು, ಎಲ್ಲ ಯೂನಿಟ್ಟಿನ ಪ್ರಮೇಯಗಳನ್ನೂ ಅಕ್ಷರ ಬಿಡದೆ ಬಾಯಿಪಾಠ ಮಾಡಿದ್ದೆ.

ಗ್ರಾಫಿನ ಎಲ್ಲ ಶೃಂಗಗಳ ಡಿಗ್ರಿ ಕೂಡಿದರೆ ಅಂಚುಗಳ ಎರಡರಷ್ಟಾಗುತ್ತದೆಂದು ಸಾಧಿಸಿ ಅಂತ ಕೇಳಿದ್ದರು. ಗಡಗಡ ಬರೆದೆ. ಅದರ ಕೆಳಗೇ ಇನ್ನೊಂದು ಪ್ರಶ್ನೆ: ಲ್ಯಾಬಿನ 15 ಕಂಪ್ಯೂಟರುಗಳಲ್ಲಿ ಪ್ರತಿಯೊಂದನ್ನೂ ಬೇರೆ ಮೂರಕ್ಕೆ ಮಾತ್ರ ಕೇಬಲ್ ಹಾಕಿ ಜೋಡಿಸಬಹುದೇ? ಹದಿನೈದು ಚುಕ್ಕಿ ಇಟ್ಟು ಗೆರೆ ಎಳೆಯುತ್ತಾ ಕೂತೆ. ಹೇಗೆ ಎಳೆದರೂ ಕೊನೆಗೆ ಯಾವುದೋ ಒಂದು ಚುಕ್ಕಿಗೆ ಗೆರೆ ಸಾಲುತ್ತಿರಲಿಲ್ಲ. ಚಿತ್ರವೇ ತಪ್ಪಿರಬೇಕೆಂದು ಹೊಡೆದುಹಾಕಿ ಮತ್ತೆ ಶುರು ಮಾಡಿದೆ. ಗಂಟೆ ಹೊಡೆಯುವವರೆಗೂ ಹೊಳೆಯಲಿಲ್ಲ. ಹದಿನೈದು ಮೂರಲ 45. ಪ್ರತಿ ಕೇಬಲ್ಲಿಗೂ ಎರಡು ತುದಿ, ಹಾಗಾಗಿ ತುದಿಗಳ ಲೆಕ್ಕ ಬೆಸ ಬರುವಂತೆಯೇ ಇಲ್ಲ. ಆಗದು ಎಂಬ ಒಂದು ಸಾಲಿನ ಉತ್ತರ, ನಾನು ಆಗಷ್ಟೇ ಬರೆದ ಪ್ರಮೇಯದ ಒಳಗೇ ಇತ್ತು. ಆಯ್ಲರ್ 1735ರಲ್ಲಿ ಕೋನಿಗ್ಸ್‌ಬರ್ಗ್‌ನ ಏಳು ಸೇತುವೆಗಳ ಸಮಸ್ಯೆ ಬಿಡಿಸಿದ್ದೂ ಒಂದೊಂದು ನೆಲಕ್ಕೆ ಎಷ್ಟು ಸೇತುವೆ ಮುಟ್ಟುತ್ತವೆಂದು ಎಣಿಸಿಯೇ: 5, 3, 3, 3. ಆ ಚಿತ್ರವೂ ನನಗೆ ಕಂಠಪಾಠವಾಗಿತ್ತು.

ಕಾಂಬಿನೇಟರಿಕ್ಸ್ ಭಾಗದಲ್ಲಿ ಇನ್ನೂ ಹಾಳು. ಒಂದೇ ಥರದ 10 ಚೆಂಡುಗಳನ್ನು 4 ಡಬ್ಬಿಗಳಿಗೆ ಹಂಚುವ ಲೆಕ್ಕಕ್ಕೆ 715 ಎಂದು ಬರೆದಿದ್ದೆ. ಸೂತ್ರ ಸರಿ, ಎನ್ ಯಾವುದು ಆರ್ ಯಾವುದು ಎಂಬುದು ಅದಲುಬದಲಾಗಿತ್ತು. ಸರಿಯುತ್ತರ 286.

ಫಲಿತಾಂಶ ಬಂದ ಮೇಲೆ ರೂಮಿನ ಗೆಳೆಯನ ಮುಂದೆ ಅದೇ ಸೂತ್ರ ಒಪ್ಪಿಸಿದೆ. ಅವನು ತಡೆದ. "ಫಾರ್ಮುಲಾ ಇರಲಿ ಬಿಡೋ. ಮೂರು ಲಾಡು, ಇಬ್ಬರು ಮಕ್ಕಳು. ಹಂಚಿ ತೋರ್ಸು." ಬರೆದೆ: ಮೂರು-ಸೊನ್ನೆ, ಎರಡು-ಒಂದು, ಒಂದು-ಎರಡು, ಸೊನ್ನೆ-ಮೂರು. ನಾಲ್ಕೇ ದಾರಿ. ನನ್ನ ರೀತಿಯಲ್ಲಿ ಸೂತ್ರ ಹಾಕಿದರೆ 6 ಬರುತ್ತಿತ್ತು. ಆ ವರ್ಷವಿಡೀ ನಾನು ಒಂದು ಸಲವೂ ಹೀಗೆ ಕೈಯಾರೆ ಎಣಿಸಿರಲಿಲ್ಲ.

ಈ ವಿಷಯದಲ್ಲಿ ಸೂತ್ರ ಕೊನೆಗೆ ಬರಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ನೃಪತುಂಗನ ಕಾಲದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಆಯ್ಕೆಯ ಸಾಮಾನ್ಯ ಸೂತ್ರ ಕೊಟ್ಟ ಬೆನ್ನಿಗೇ ಆರು ರುಚಿಗಳನ್ನು ಬೆರೆಸುವ ಲೆಕ್ಕ ಕೇಳುತ್ತಾರೆ. ಒಂದೊಂದಾಗಿ 6, ಎರಡೆರಡಾಗಿ 15, ಮೂರಾಗಿ 20... ಒಟ್ಟು 63. ಹಾಳೆಯೊಂದರಲ್ಲಿ ಎಲ್ಲವನ್ನೂ ಪಟ್ಟಿ ಮಾಡಬಹುದಾದಷ್ಟು ಚಿಕ್ಕ ಲೆಕ್ಕ.

ಬ್ಯಾಕ್ ಪೇಪರ್ ಬರೆಯುವಾಗ, ಐದು ಪತ್ರಗಳಲ್ಲಿ ಒಂದೂ ತನ್ನ ಲಕೋಟೆಗೆ ಹೋಗದಂತೆ ಎಷ್ಟು ರೀತಿ ಹಾಕಬಹುದು ಎಂದಿತ್ತು. ಸೂತ್ರ ನೆನಪಾಗಲಿಲ್ಲ. ಎರಡು ಪತ್ರಕ್ಕೆ 1, ಮೂರಕ್ಕೆ 2, ಕೈಯಲ್ಲೇ ಬರೆದೆ. ನಾಲ್ಕಾದರೆ ಮೊದಲ ಪತ್ರಕ್ಕೆ ಮೂರು ತಪ್ಪು ಲಕೋಟೆ. ಆ ಲಕೋಟೆಯ ಪತ್ರ ಮೊದಲನೆಯದರ ಜಾಗಕ್ಕೆ ಬಂದರೆ ಉಳಿದ ಎರಡರ ಲೆಕ್ಕ, ಬರದಿದ್ದರೆ ಮೂರರ ಲೆಕ್ಕ. ಮೂರನ್ನು ಒಂದು ಕೂಡು ಎರಡರಿಂದ ಗುಣಿಸಿದರೆ 9. ಐದಕ್ಕೂ ಅದೇ ದಾರಿ: ನಾಲ್ಕನ್ನು ಎರಡು ಕೂಡು ಒಂಬತ್ತರಿಂದ ಗುಣಿಸಿ 44 ಎಂದು ಬರೆದು, ಮುಂದಿನ ಪ್ರಶ್ನೆಗೆ ಹೋದೆ.