ಮುಟ್ಟದೆ ನುಡಿಯುವ ಸಾಕ್ಷಿ

ಬೆಂಗಳೂರಿನ ಪೀಣ್ಯದ ಒಂದು ಶೆಡ್. ಮಧ್ಯಾಹ್ನದ ಶಿಫ್ಟು. ಡ್ರಿಲ್ಲಿಂಗ್ ಮಷೀನಿನ ಎದುರು ನಿಂತಿದ್ದೀರಿ. ಕೂಲಂಟಿನ ಘಾಟು ಮೂಗಿಗೆ ಅಡರುತ್ತಿದೆ. ಆಪರೇಟರ್ ಹುಡುಗ ಉಕ್ಕಿನ ಜಾಬನ್ನು ಫಿಕ್ಸ್ಚರಿನಲ್ಲಿ ಕೂರಿಸಿ, ಎರಡೂ ಕೈಯಿಂದ ಎರಡು ಬಟನ್ ಒತ್ತುತ್ತಾನೆ. ಹೈಡ್ರಾಲಿಕ್ ಕ್ಲ್ಯಾಂಪ್ ಇಳಿದು ಜಾಬನ್ನು ಅದುಮಿ ಹಿಡಿಯುತ್ತದೆ. ಸ್ಪಿಂಡಲ್ ಮಾತ್ರ ತಿರುಗುವುದಿಲ್ಲ.

‘ಅಣ್ಣಾ, ಅಲಾರಂ ಹೋಗ್ತಾನೇ ಇಲ್ಲ.’

ಮೆಂಟೆನೆನ್ಸ್‌ನವರು ಟಾರ್ಚ್ ಹಿಡಿದು ಬಗ್ಗುತ್ತಾರೆ. ನೀವೂ ಬಗ್ಗಿ ನೋಡಿ. ಕ್ಲ್ಯಾಂಪಿನ ತೋಳು ಓಡಾಡುವ ದಾರಿಯ ಎರಡು ತುದಿಯಲ್ಲೂ ಬೆರಳುದ್ದದ ಒಂದೊಂದು ಸೆನ್ಸರ್. ಮೈಯೆಲ್ಲ ಥ್ರೆಡ್, ಮುಂದೆ ಪ್ಲಾಸ್ಟಿಕ್ ಮುಖ, ಹಿಂದೆ ಪುಟ್ಟ ಹಳದಿ ದೀಪ. ತೋಳು ಮೇಲಿದೆ ಎನ್ನುವುದು ಒಂದರ ಕೆಲಸ, ಕೆಳಗಿದೆ ಎನ್ನುವುದು ಇನ್ನೊಂದರದು. ಈಗ ಎರಡೂ ದೀಪ ಉರಿಯುತ್ತಿವೆ. ತೋಳು ಒಂದೇ ಹೊತ್ತಿಗೆ ಎರಡು ಕಡೆ ಇರಲಾರದು. ಅದಕ್ಕೇ ಮಷೀನನ್ನು ನಡೆಸುವ ಕಂಪ್ಯೂಟರ್, ಅಂದರೆ ಪಿಎಲ್‌ಸಿ, ಅದನ್ನು ತಡೆದು ನಿಲ್ಲಿಸಿದೆ.

ಆ ಪ್ಲಾಸ್ಟಿಕ್ ಮುಖದ ಹಿಂದೆ ತಾಮ್ರದ ಸುರುಳಿಯಿದೆ. ಅದರಲ್ಲಿ ಸೆಕೆಂಡಿಗೆ ಲಕ್ಷಾಂತರ ಸಲ ದಿಕ್ಕು ಬದಲಿಸುವ ವಿದ್ಯುತ್ತು ಮುಖದ ಮುಂದೆ ಕಾಂತಕ್ಷೇತ್ರ ಹರಡುತ್ತದೆ. ಕೆಲವೇ ಮಿಲಿಮೀಟರ್ ಸನಿಹಕ್ಕೆ ಉಕ್ಕು ಬಂದರೆ ಅದರೊಳಗೆ ಸುಳಿ ಪ್ರವಾಹ ಏಳುತ್ತದೆ, ಕ್ಷೇತ್ರದ ಶಕ್ತಿ ಅಲ್ಲಿ ಸೋರಿಹೋಗುತ್ತದೆ, ಸುರುಳಿಯ ಆಂದೋಲನ ಕುಗ್ಗುತ್ತದೆ. ಆ ಕುಗ್ಗುವಿಕೆಯೇ ‘ಲೋಹ ಬಂತು’ ಎಂಬ ಸುದ್ದಿ. ಅಲ್ಯೂಮಿನಿಯಂ ಆದರೆ ಆ ದೂರದ ಅರ್ಧಕ್ಕಿಂತ ಹತ್ತಿರ ಬರಬೇಕು. ಕೂಲಂಟ್ ಎಷ್ಟೇ ಸುರಿದರೂ ಸೆನ್ಸರಿಗೆ ಲೆಕ್ಕಕ್ಕಿಲ್ಲ.

ಮೊದಲು ಈ ಕೆಲಸ ಮಾಡುತ್ತಿದ್ದ ಲಿಮಿಟ್ ಸ್ವಿಚ್ಚಿನ ಲಿವರ್ ಪ್ರತಿ ಸಲವೂ ಏಟು ತಿಂದು ಸವೆಯುತ್ತಿತ್ತು, ಕಾಂಟ್ಯಾಕ್ಟು ಕಪ್ಪಾಗುತ್ತಿತ್ತು. 1958ರಲ್ಲಿ ಜರ್ಮನಿಯ ಮ್ಯಾನ್‌ಹೈಮಿನಲ್ಲಿ ವಾಲ್ಟರ್ ಪೆಪರ್ಲ್ ಮತ್ತು ವಿಲ್‌ಫ್ರೀಡ್ ಗೇಲ್ ಮುಟ್ಟದೇ ಗುರುತಿಸುವ ಇಂಡಕ್ಟಿವ್ ಸ್ವಿಚ್ ರೂಪಿಸಿದರು. ಇದೇ ಮಷೀನಿನ ಬಾಗಿಲಿನ ಗಾಳಿ ಸಿಲಿಂಡರಿನಲ್ಲಿ ಇನ್ನೊಂದು ಉಪಾಯವಿದೆ: ಪಿಸ್ಟನ್ನಿಗೆ ಸುತ್ತಿದ ಆಯಸ್ಕಾಂತವನ್ನು ಹೊರಗಿನ ಸೆನ್ಸರು ಅಲ್ಯೂಮಿನಿಯಂ ಗೋಡೆಯಾಚೆಯಿಂದಲೇ ಗುರುತಿಸುತ್ತದೆ.

ಟಾರ್ಚಿನ ಬೆಳಕು ಮೇಲಿನ ಸೆನ್ಸರಿನ ಮೇಲೆ ನಿಲ್ಲುತ್ತದೆ. ಮುಖಕ್ಕೆ ಉಕ್ಕಿನ ಸಿಬಿರಿನ ಮುದ್ದೆ ಮೆತ್ತಿಕೊಂಡಿದೆ. ಸೆನ್ಸರ್ ಸುಳ್ಳಾಡಿಲ್ಲ, ಮುಂದಿದ್ದ ಲೋಹವನ್ನು ಲೋಹ ಎಂದಿದೆ, ಅಷ್ಟೆ. ಬ್ರಶ್ಶಿನಿಂದ ಒರೆಸಿದೊಡನೆ ಒಂದು ದೀಪ ಆರುತ್ತದೆ.

‘ಕೆಳಗಿನ ಸೆನ್ಸರ್ ಹೀಗೆ ಕೈಕೊಟ್ರೆ ಮುಂದೆ ಒಂದು ವಾಷರ್ ಕಟ್ಟಿ ಓಡಿಸ್ಬಹುದಲ್ವಾ ಅಣ್ಣಾ? ಎಷ್ಟೋ ಕಡೆ ಹಂಗೇ ಮಾಡ್ತಾರಂತೆ.’

‘ಮಾಡ್ತಾರೆ. ಆಮೇಲೆ ಕ್ಲ್ಯಾಂಪ್ ಅರ್ಧಕ್ಕೇ ನಿಂತ್ರೂ ಪೂರ್ತಿ ಬಿದ್ದಿದೆ ಅಂತಾನೇ ಹೇಳುತ್ತೆ. ಡ್ರಿಲ್ ತಾಗಿದ ತಕ್ಷಣ ಜಾಬ್ ಸುತ್ತಿ ಹೊಡೆಯುತ್ತೆ. ಎದುರಿಗೆ ನಿಂತಿರೋದು ನೀನೇ ಕಣಪ್ಪಾ.’

ಹುಡುಗ ಮತ್ತೆ ಬಟನ್ ಒತ್ತುತ್ತಾನೆ, ಸ್ಪಿಂಡಲ್ ತಿರುಗುತ್ತದೆ. ಕತ್ತಲಲ್ಲಿ, ಎಣ್ಣೆಯಲ್ಲಿ, ದಣಿವಿಲ್ಲದೆ ನಿಜ ನುಡಿಯುವ ಸಾಕ್ಷಿಯನ್ನು ಎಂಜಿನಿಯರಿಂಗ್ ನಮಗೆ ಕೊಟ್ಟಿದೆ. ಪ್ರೊಡಕ್ಷನ್ನಿನ ಅವಸರಕ್ಕೆ ಅದರ ಬಾಯಿ ಕಟ್ಟದಿರುವುದು ಶೆಡ್ಡಿನ ಮಾಲೀಕರಿಂದ ಹಿಡಿದು ಹೆಲ್ಪರ್‌ವರೆಗೆ ಎಲ್ಲರ ಹೊಣೆ.