ಮುಖ ಕೊಡುವವರು ಯಾರು?

ನಮ್ಮ ಮಕ್ಕಳು ವೀಡಿಯೊ ಆಟದಲ್ಲಿ ಮುಳುಗಿದರೆ ನಾವು ಗದರುತ್ತೇವೆ. ಅದರಲ್ಲಿ ಯಾರನ್ನು ಕಾಣುತ್ತಾರೆಂದು ಕೇಳುವುದಿಲ್ಲ. ಗುಂಡು ಹಾರಿಸುವ ಎಷ್ಟೋ ಆಟಗಳಲ್ಲಿ ಗಡ್ಡ ಬಿಟ್ಟು ರುಮಾಲು ಸುತ್ತಿದವನಿಗೆ ಹೆಸರಿಲ್ಲ, ಮನೆಯಿಲ್ಲ. ಅವನಿರುವುದು ಸಾಯಲಿಕ್ಕೆ ಮಾತ್ರ.

ಆಟ ತಯಾರಾಗುವ ಮೊದಲೇ ಕಲಾವಿದರು ಪಾತ್ರವನ್ನು ಬರೆದಿಡುತ್ತಾರೆ. ಇದೇ ಕಾನ್ಸೆಪ್ಟ್ ಆರ್ಟ್. ಬರೀ ನೆರಳು ಕಂಡರೂ ಗುರುತು ಸಿಗಬೇಕು. ಉಡುಪು, ನಿಲುವು ಅವನ ಬದುಕನ್ನು ಹೇಳಬೇಕು. ರೋಲ್ ಪ್ಲೇಯಿಂಗ್ ಆಟದಲ್ಲಂತೂ ಆಡುವವನು ಆ ಪಾತ್ರವೇ ಆಗಿ ಗಂಟೆಗಟ್ಟಲೆ ಬದುಕುತ್ತಾನೆ. ಆದ್ದರಿಂದ ಯಾರಿಗೆ ಎಂಥ ಮುಖ ಎಂಬುದು ಸಣ್ಣ ಮಾತಲ್ಲ. 2023ರ ‘ಅಸಾಸಿನ್ಸ್ ಕ್ರೀಡ್ ಮಿರಾಜ್’ ಆಟದಲ್ಲಿ ಒಂಬತ್ತನೇ ಶತಮಾನದ ಬಗ್ದಾದಿನ ಬಾಸಿಮ್ ನಾಯಕನಾದ. ಬರೆಯುವವರು ಮನಸ್ಸು ಮಾಡಿದರೆ ಇದೂ ಸಾಧ್ಯ.

ನಮ್ಮ ಚನ್ನರಾಯಪಟ್ಟಣ ತಾಲೂಕಿನ ನುಗ್ಗೇಹಳ್ಳಿಯಲ್ಲಿ 1246ರ ದೇವಾಲಯವಿದೆ. ಅದರ ಶಿಲ್ಪಗಳಲ್ಲಿ ಬೈಚೋಜ, ಮಲ್ಲಿತಮ್ಮರ ಹೆಸರುಗಳಿವೆ. ರೂಪ ಕೊಟ್ಟವರು ಹೆಸರು ಕೆತ್ತಿ ಹೊಣೆಯನ್ನೂ ಹೊತ್ತರು.

ಪೆನ್ಸಿಲ್ ಹಿಡಿದ ನಮ್ಮ ಮಕ್ಕಳನ್ನು ತಡೆಯದಿರೋಣ. ಹಾಸನದ ಆಲೂಗಡ್ಡೆ ಮಂಡಿಯ ಹಮಾಲ, ಅರಕಲಗೂಡಿನ ತಂಬಾಕು ಬ್ಯಾರನ್ನಿನ ಹೆಂಗಸು, ಹೊಳೆನರಸೀಪುರದಲ್ಲಿ ಹೇಮಾವತಿಯ ದಂಡೆಗೆ ಬರುವ ಅಜ್ಜಿ—ಇವರೂ ಪಾತ್ರಗಳೇ. ನಮ್ಮ ಮುಖವನ್ನು ನಾವು ಬರೆಯದಿದ್ದರೆ ಬೇರೆಯವರು ಬರೆಯುತ್ತಾರೆ. ಹೇಗೆ ಬರೆಯುತ್ತಾರೆಂದು ಈಗಾಗಲೇ ನೋಡಿದ್ದೇವೆ.