ಟೆಂಟಿಗೆ ಪರದೆ ಹೊಲಿದ ಕಥೆ

ಓಣಂ ರಜೆಯಲ್ಲಿ ರಾಣಿಪುರದ ಬುಡದಲ್ಲಿ ಎರಡು ದಿನದ ಯುವ ಶಿಬಿರ ಎಂದು ನಿರ್ಧಾರವಾದಾಗ ಊಟ, ಬಸ್ಸು, ಹಾಡು ಎಲ್ಲದಕ್ಕೂ ಜನ ಮುಂದೆ ಬಂದರು. ಹಳೆಯ ನಾಲ್ಕು ಟೆಂಟುಗಳ ಕೆಲಸ ನಮ್ಮ ಆರು ಮಂದಿಯ ಪಾಲಿಗೆ ಬಂತು. ಹಿಂದೆ ಮಡತ್ತುಮಲ ಎನ್ನುತ್ತಿದ್ದ ಈ ಬೆಟ್ಟವನ್ನು 1970ರಲ್ಲಿ ಕೋಟ್ಟಯಂ ಧರ್ಮಪ್ರಾಂತ್ಯ ಕೊಂಡುಕೊಂಡ ಮೇಲೆ, ಮರಿಯಮ್ಮನವರ ಗೌರವಕ್ಕಾಗಿ ರಾಣಿಪುರ ಎಂಬ ಹೆಸರು ಬಂತು. ಹೆಸರೇನೋ ಚಂದ. ಆದರೆ ಮಳೆ ಬಿದ್ದರೆ ಅಲ್ಲಿ ಉಂಬಳಗಳ ರಾಜ್ಯ, ಕತ್ತಲಾದರೆ ನುಸಿಗಳದ್ದು.

ನಮ್ಮ ಗುಂಪಿನ ಒಬ್ಬ ಹುಡುಗನಿಗೆ ಹಿಂದಿನ ವರ್ಷ ಡೆಂಗಿ ಬಂದಿತ್ತು. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಬಂದು ಹೋದವರಿಗೆ ಇನ್ನೊಂದು ತಗಲಿದರೆ ರೋಗ ಹೆಚ್ಚು ಗಂಭೀರವಾಗಬಹುದು. ಅವನ ಅಮ್ಮ ನೇರವಾಗಿ ಹೇಳಿದರು: "ಮೊದಲು ಟೆಂಟ್ ತೋರಿಸಿ, ಆಮೇಲೆ ಕಳಿಸುವ ಮಾತು."

ರಾತ್ರಿ ಇಗರ್ಜಿಯ ಅಂಗಳದಲ್ಲಿ ಟೆಂಟ್ ನಿಲ್ಲಿಸಿ, ಒಳಗೆ ಟಾರ್ಚ್ ಉರಿಸಿ, ಹೊರಗಿನಿಂದ ನೋಡಿದೆವು. ಬೆಳಕು ಸೋರುವಲ್ಲೆಲ್ಲ ನುಸಿಗೆ ದಾರಿ. ಜಿಪ್ಪಿನ ತುದಿಯಲ್ಲಿ ಎರಡು ಬೆರಳು ತೂರುವಷ್ಟು ಸಂದು. ಕಿಟಕಿಯ ಬಲೆ ಅಲ್ಲಲ್ಲಿ ಹರಿದಿತ್ತು.

ಮಂಚದ ಹಳೆಯ ಸೊಳ್ಳೆ ಪರದೆಯೊಂದನ್ನು ಕತ್ತರಿಸಿದೆವು. ಅಂಥ ಪರದೆ ನುಸಿಯನ್ನು ತಡೆಯುತ್ತದೆ, ಆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಚ್ಚುವ ಹುಳಗಳು ಅದರೊಳಗೂ ನುಸುಳುತ್ತವೆ. ಹಾಗಾಗಿ ಎರಡು ಪದರ ಹಾಕಿದೆವು. ಹೊಲಿಗೆ ಮಿಷನ್ ಇರುವ ಅಕ್ಕ ಒಬ್ಬರು ಬಾಗಿಲಿಗೆ ವೆಲ್ಕ್ರೋ ಪಟ್ಟಿ ಹೊಲಿದುಕೊಟ್ಟರು. ಪರದೆಯ ಅಂಚು ನೆಲಕ್ಕೆ ಕೂರುವಂತೆ ಉದ್ದದ ಬಟ್ಟೆ ಚೀಲಕ್ಕೆ ಹೊಯಿಗೆ ತುಂಬಿ ಜೋಡಿಸಿದೆವು. ಉಳಿದ ಮೇಣದ ಬತ್ತಿಯ ತುಂಡುಗಳನ್ನು ಹೊಲಿಗೆಗೆ ತಿಕ್ಕಿದೆವು, ಮಳೆನೀರು ಇಳಿಯಬಾರದಲ್ಲ! ಅದೇ ಮೇಣದಿಂದ ಜಿಪ್ಪೂ ಸಲೀಸಾಯಿತು.

ಆ ಅಮ್ಮ ಬಂದು ಒಳಗೆ ಹೊಕ್ಕು, ವೆಲ್ಕ್ರೋ ಎಳೆದು ನೋಡಿದರು. "ರಾತ್ರಿಗೆ ಸರಿ. ಹಗಲಿಗೆ ಏನು ಮಾಡ್ತೀರಿ?" ಎಂದು ಕೇಳಿದರು. ಅವರ ಪ್ರಶ್ನೆ ಸರಿಯಾಗಿತ್ತು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದೇ ಹೆಚ್ಚಾಗಿ ಹಗಲಲ್ಲಿ, ಬೆಳಗ್ಗೆ ಮತ್ತು ಮುಸ್ಸಂಜೆಗೆ ಮುಂಚೆ. ಅದು ಮೊಟ್ಟೆಯಿಡುವುದು ನಿಂತ ನೀರಲ್ಲಿ: ತೆಂಗಿನ ಚಿಪ್ಪು, ಬಿದ್ದ ಅಡಿಕೆ ಹಾಳೆ, ರಬ್ಬರ್ ಮರದ ಚಿಪ್ಪು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಆದ್ದರಿಂದ ಶಿಬಿರಕ್ಕೆ ಎರಡು ವಾರ ಮೊದಲೇ ನಾವು ಜಾಗದ ಯಜಮಾನರ ಒಪ್ಪಿಗೆ ಪಡೆದು ಹೋಗಿ ಚಿಪ್ಪುಗಳನ್ನು ಕವುಚಿ, ಹಾಳೆ ಹೆಕ್ಕಿ ಬಂದೆವು. ಮುಂದಿನ ವಾರ ಮತ್ತೊಮ್ಮೆ ಹೋದೆವು. ಎಲ್ಲರೂ ಉದ್ದ ತೋಳಿನ ಅಂಗಿ, ಉದ್ದ ಪ್ಯಾಂಟ್ ತರಬೇಕೆಂದು ಪಟ್ಟಿಯಲ್ಲಿ ಬರೆದೆವು. ಶಿಬಿರದಲ್ಲಿ ದೀಪವನ್ನು ಟೆಂಟಿನಿಂದ ದೂರದ ಮರಕ್ಕೆ ಕಟ್ಟಿದೆವು, ಹುಳಗಳು ಅಲ್ಲಿಗೇ ಮುತ್ತಿದವು.

ಆ ಹುಡುಗ ಬಂದ. ಎರಡನೆಯ ದಿನ ಬೆಳಗ್ಗಿನ ಪ್ರಾರ್ಥನೆಗೆ ಅವನನ್ನು ಎಬ್ಬಿಸಬೇಕಾಯಿತು, ಅಷ್ಟು ಚೆನ್ನಾಗಿ ನಿದ್ದೆ ಮಾಡಿದ್ದ. ಶಿಬಿರ ಮುಗಿದು ಎರಡು ವಾರ ಕಳೆದರೂ ಯಾರಿಗೂ ಜ್ವರ ಬರಲಿಲ್ಲ.

ಟೆಂಟುಗಳನ್ನು ಬಿಸಿಲಿಗೆ ಒಣಗಿಸಿ ಇಟ್ಟಿದ್ದೇವೆ, ಬೇಕಾದ ವಾಳೆಯವರು ಕೇಳಿ ಒಯ್ಯಬಹುದು. ಇನ್ನೊಂದು ಕೆಲಸಕ್ಕೆ ಟೆಂಟೂ ಬೇಡ, ಸೂಜಿಯೂ ಬೇಡ. ಈ ಭಾನುವಾರ ಪೂಜೆ ಮುಗಿಸಿ ಮನೆಗೆ ಹೋದ ಮೇಲೆ ತೋಟಕ್ಕೊಂದು ಸುತ್ತು ಬನ್ನಿ. ನೀರು ನಿಂತ ಚಿಪ್ಪು ಕಂಡರೆ ಕವುಚಿಬಿಡಿ.